ಗಡಿಯಾರಕ್ಕೆ ಶ್ರುತಿ ಸೇರಿಸಿದವರು

ಒಂದು ಕಾಲದಲ್ಲಿ ರೇಡಿಯೊದಲ್ಲಿ ಹಾಡುವುದೆಂದರೆ ಇಡೀ ದಿನದ ಕೆಲಸ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ, ರಾತ್ರಿ ಮತ್ತೊಂದು ಸಲ. ಮೂರೂ ಹೊತ್ತು ನೇರಪ್ರಸಾರ. ಪರವೂರಿನ ಗಾಯಕರು ಹಿಂದಿನ ದಿನವೇ ರೈಲು ಹತ್ತಿ ಬಂದು ಇಳಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಭೈರವವನ್ನೋ ತೋಡಿಯನ್ನೋ ಹಾಡಿ, ಊಟದ ಮೇಲೆ ಸಾರಂಗಕ್ಕೆ ಕೂತು, ರಾತ್ರಿಯ ಯಮನ್‌ಗೋ ಬಿಹಾಗ್‌ಗೋ ಗಂಟಲು ಉಳಿಸಿಕೊಳ್ಳಬೇಕು. ಸ್ಟುಡಿಯೋದೊಳಗೆ ಎದುರು ಕೂತು ತಲೆದೂಗುವವರಿಲ್ಲ. ಗಾಜಿನಾಚೆ ಒಬ್ಬ ಎಂಜಿನಿಯರು, ಬಾಗಿಲ ಮೇಲೆ ಕೆಂಪು ದೀಪ, ಗೋಡೆಯಲ್ಲಿ ಓಡುತ್ತಿರುವ ಸೆಕೆಂಡಿನ ಮುಳ್ಳು. ಅರಮನೆ, ದೇವಸ್ಥಾನ, ಮಠ, ಸಾಹುಕಾರರ ಮನೆಯ ಬೈಠಕ್‌ಗಳಲ್ಲಿದ್ದ ಸಂಗೀತ ನಮ್ಮ ಅಡುಗೆಮನೆಯವರೆಗೆ ಬಂದದ್ದು ಆ ಮುಳ್ಳಿನ ಅಪ್ಪಣೆ ಪಡೆದೇ.

ಶುರುವಾದದ್ದು ಹವ್ಯಾಸಿಗಳಿಂದ. ಮದ್ರಾಸಿನ ರೇಡಿಯೊ ಕ್ಲಬ್ಬು 1924ರಲ್ಲಿ ಪ್ರಸಾರ ಆರಂಭಿಸಿ, ಮೂರು ವರ್ಷದಲ್ಲಿ ದುಡ್ಡಿಲ್ಲದೆ ನಿಂತಿತು. ಅದರ ಯಂತ್ರಗಳನ್ನು ಪಡೆದುಕೊಂಡ ಮದ್ರಾಸ್ ಕಾರ್ಪೊರೇಷನ್ 1930ರಿಂದ ಸಮುದ್ರತೀರದಲ್ಲೂ ಪಾರ್ಕುಗಳಲ್ಲೂ ಧ್ವನಿವರ್ಧಕ ಕಟ್ಟಿ ಸಂಜೆಯ ಹೊತ್ತು ಸಂಗೀತ ಕೇಳಿಸಿತು. ಮುಂಬೈ, ಕಲ್ಕತ್ತಗಳಲ್ಲಿ 1927ರಲ್ಲಿ ನಿಲಯ ತೆರೆದ ಖಾಸಗಿ ಕಂಪನಿಯೂ 1930ರ ಹೊತ್ತಿಗೆ ಮುಳುಗಿತು. ಸರ್ಕಾರ ಅದನ್ನು ವಹಿಸಿಕೊಂಡು, 1936ರಲ್ಲಿ ಆಲ್ ಇಂಡಿಯಾ ರೇಡಿಯೊ ಎಂದು ಹೆಸರಿಟ್ಟಿತು. ನಸುಕಿನಲ್ಲಿ ತಂಬೂರಿಯ ನಾದದ ಮೇಲೆ ಪಿಟೀಲು ನುಡಿಯುವ ಆ ಪರಿಚಯದ ರಾಗಸಂಕೇತವೂ ಅದೇ ಕಾಲದ್ದು. ಅದನ್ನು ಕಟ್ಟಿದ ವಾಲ್ಟರ್ ಕೌಫ್‌ಮನ್ 1934ರಲ್ಲಿ ಯುರೋಪನ್ನು ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ. ಕನ್ನಡದ ಮನೆಗಳನ್ನು ದಶಕಗಳ ಕಾಲ ಎಬ್ಬಿಸಿದ್ದು ಒಬ್ಬ ನಿರಾಶ್ರಿತನ ಸ್ವರ.

ನಮ್ಮ ನಾಡಿನ ಕಥೆ ಮಾತ್ರ ಸರ್ಕಾರದಿಂದ ಶುರುವಾದದ್ದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಮೂವತ್ತು ವಾಟ್‌ನ ಪ್ರೇಷಕ ಇಟ್ಟುಕೊಂಡು ಪ್ರಸಾರ ತೊಡಗಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಿತ್ತು; ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೊ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮೂವತ್ತು ವಾಟ್ ಎಂದರೆ ಹಳೆಯ ಕಾಲದ ಒಂದು ಮಂದ ಬಲ್ಬಿನಷ್ಟು ಶಕ್ತಿ, ಊರು ದಾಟಿದರೆ ಹೆಚ್ಚು. ಆದರೆ ಆ ಊರು ಯಾವುದು! ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಇದ್ದ ಊರು; ವಾಸುದೇವಾಚಾರ್ಯರೂ ಮುತ್ತಯ್ಯ ಭಾಗವತರೂ ಚೌಡಯ್ಯನವರೂ ಓಡಾಡುತ್ತಿದ್ದ ಊರು. ಮೈಸೂರು ಸರ್ಕಾರ 1942ರಲ್ಲಿ ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ ಒಂದರಂದು ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರ ನವೆಂಬರಿನಲ್ಲಿ ನಿಲಯವೇ ಬೆಂಗಳೂರಿಗೆ ಹೋಯಿತು. ಹೆಸರು ಕೊಟ್ಟ ಮೈಸೂರಿಗೆ ಮತ್ತೆ ತನ್ನದೇ ನಿಲಯ ಸಿಕ್ಕಿದ್ದು 1974ರಲ್ಲಿ.

ಈ ವರ್ಷಗಳನ್ನು ಸಂಸ್ಥಾನಗಳ ವಿಲೀನದ ಪಕ್ಕ ಇಟ್ಟು ನೋಡಬೇಕು. ಆಸ್ಥಾನ ವಿದ್ವಾಂಸನಿಗೆ ಸಂಬಳ ಕೊಡುತ್ತಿದ್ದ ಅರಮನೆ ಹಿಂದೆ ಸರಿಯುತ್ತಿದ್ದ ಹೊತ್ತಿಗೇ ತಿಂಗಳ ಸಂಬಳದ 'ನಿಲಯದ ಕಲಾವಿದ' ಎಂಬ ಹೊಸ ಜಾತಿ ಹುಟ್ಟಿತು. ಅರಸರಿಗೆ ಮೆಚ್ಚುಗೆಯಾದರೆ ಕಚೇರಿ ನಡುರಾತ್ರಿಯವರೆಗೂ ಹೋಗುತ್ತಿತ್ತು, ಖಿಲ್ಲತ್ತು ಸಿಗುತ್ತಿತ್ತು. ಹೊಸ ಧಣಿ ಖಿಲ್ಲತ್ತು ಕೊಡುವವನಲ್ಲ, ಕಾಂಟ್ರಾಕ್ಟ್ ಕಾಗದ ಕಳಿಸುವವನು. ಅದರಲ್ಲಿ ಗಂಟೆ, ನಿಮಿಷ, ರೂಪಾಯಿ ಎಲ್ಲ ಬರೆದಿರುತ್ತಿತ್ತು. ಆದರೂ ನೆರಳು ಕೊಟ್ಟದ್ದು ಅವನೇ. ವೀಣೆ ದೊರೆಸ್ವಾಮಿ ಅಯ್ಯಂಗಾರ್, ಆರ್.ಕೆ. ಶ್ರೀಕಂಠನ್ ಇಬ್ಬರೂ 1920ರಲ್ಲಿ ಹುಟ್ಟಿದವರು, ಇಬ್ಬರೂ ಉದ್ಯೋಗದ ಬಹುಭಾಗವನ್ನು ಆಕಾಶವಾಣಿಯಲ್ಲಿ ಕಳೆದವರು. ಹಿಂದಿನ ತಲೆಮಾರಿನಲ್ಲಿ ಹುಟ್ಟಿದ್ದರೆ ಇಬ್ಬರೂ ಆಸ್ಥಾನದಲ್ಲೇ ನಿಲ್ಲುತ್ತಿದ್ದರೇನೋ.

ವೀಣೆಯ ಮಾತು ಬಂತು. ಮೈಸೂರು ಬಾನಿಯ ವೀಣೆ ಮೃದು; ಮೀಟು ಮುಗಿದ ಮೇಲೆ ಉಳಿಯುವ ನಾದದಲ್ಲೇ ಅದರ ಅರ್ಧ ಸೊಗಸು. ದೊಡ್ಡ ಸಭೆಯಲ್ಲಿ ಅದು ಮೂರನೆಯ ಸಾಲು ದಾಟುವುದು ಕಷ್ಟ. ಮೈಕು ಇಲ್ಲದ ಕಾಲದಲ್ಲಿ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡದ್ದು ಹಿಂದಿನ ಸಾಲಿಗೆ ಕೇಳಲಿ ಎಂದೇ. ಸ್ಟುಡಿಯೋದ ಮೈಕು ಈ ಗೊಡವೆಯನ್ನೇ ಕಳೆಯಿತು. ದೊರೆಸ್ವಾಮಿ ಅಯ್ಯಂಗಾರರ ಬೆರಳು ಮೆಟ್ಟಿಲ ಮೇಲೆ ಜಾರುವ ಸದ್ದೂ ಕೇಳುಗನ ಕಿವಿಯ ಹತ್ತಿರವೇ ಬಂತು. ರೇಡಿಯೊದಿಂದ ಅತಿ ಹೆಚ್ಚು ಲಾಭ ಪಡೆದ ವಾದ್ಯ ಯಾವುದೆಂದರೆ ನಾನು ವೀಣೆ ಎನ್ನುತ್ತೇನೆ. ಅಯ್ಯಂಗಾರರು ಕವಿ ಪು.ತಿ.ನ. ಅವರ ಗೀತರೂಪಕಗಳಿಗೆ ಸಂಗೀತ ಕೂಡಿಸಿದ್ದೂ ಇದೇ ಮೈಕಿನ ಮುಂದೆ.

ಅತ್ತ ಧಾರವಾಡದ ನಿಲಯ 1950ರ ಜನವರಿಯಲ್ಲಿ ಬಾಗಿಲು ತೆರೆಯಿತು. ಕರ್ನಾಟಕದ ಸಂಗೀತದ ಚರಿತ್ರೆಯಲ್ಲಿ ಈ ಘಟನೆಗೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ. ಅಂದು ಧಾರವಾಡ ಇನ್ನೂ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರು ಸೀಮೆಯವನಿಗೆ ಖಯಾಲ್ ದೂರದ ಸಂಗತಿ, ಹುಬ್ಬಳ್ಳಿಯವನಿಗೆ ರಾಗ-ತಾನ-ಪಲ್ಲವಿ ಹಾಗೆಯೇ. ರಾಜ್ಯ ಒಂದಾದದ್ದು 1956ರಲ್ಲಿ. ಆದರೆ ಅದಕ್ಕೂ ಮುಂಚೆ ಮುಳ್ಳು ತಿರುಗಿಸಿದರೆ ಎರಡೂ ಸಂಗೀತ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತಿದ್ದವು. ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರ. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ಜೋಡರಾಗಗಳನ್ನು ಹಾಡುತ್ತಿದ್ದ ಅದೇ ಕಂಠ ವಚನಗಳನ್ನೂ ಹಾಡಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ, ದಾಸರ ಪದಗಳು ಬೆಳಗಿನ ಗೀತಾರಾಧನೆಯಲ್ಲಿ ಬಂದಾಗ, ರಾಗದ ಹೆಸರು ತಿಳಿಯದ ರೈತನ ಮನೆಯಲ್ಲೂ ರಾಗ ಕೂತಿತು. ತಮಿಳುನಾಡಿನ ಕೇಳುಗನಿಗೋ ಮಹಾರಾಷ್ಟ್ರದವನಿಗೋ ಇಲ್ಲದ ಈ ಎರಡು ಕಿವಿ ಕನ್ನಡಿಗನಿಗೆ ಬಂದದ್ದು ದೊಡ್ಡ ಮಟ್ಟಿಗೆ ಬೆಂಗಳೂರು ಮತ್ತು ಧಾರವಾಡ ನಿಲಯಗಳ ದಿನಚರಿಯಿಂದ.

ಧಾರವಾಡದ ಮಟ್ಟಿಗೆ ಒಂದು ವಿಚಿತ್ರವೂ ಇತ್ತು. ಹುಬ್ಬಳ್ಳಿ, ಬೆಳಗಾವಿ, ಗದಗಗಳಲ್ಲಿ ಗಾಯನವೆಂದರೆ ಪಕ್ಕದಲ್ಲಿ ಹಾರ್ಮೋನಿಯಂ. ನಾಟಕ ಕಂಪನಿಗಳು ಬೆಳೆಸಿದ ವಾದ್ಯ ಅದು. ರೇಡಿಯೊದಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಅದರ ಸ್ಥಿರವಾದ ಮನೆಗಳಲ್ಲಿ ಮೀಂಡ್ ಬಾರದು, ನಮ್ಮ ಶ್ರುತಿಗಳು ಕೂರವು ಎಂಬ ವಾದ ಎತ್ತಿದವರಲ್ಲಿ ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತಗಾರ ಜಾನ್ ಫೋಲ್ಡ್ಸ್ ಒಬ್ಬರು. ರವೀಂದ್ರನಾಥ ಠಾಕೂರರೂ ಅದರ ವಿರೋಧಿ. 1940ರ ಮಾರ್ಚಿನಿಂದ ಬಹಿಷ್ಕಾರ ಜಾರಿಯಾಯಿತು. ಮೂರು ದಶಕ ನಡೆದು, 1971ರಲ್ಲಿ ಭಾಗಶಃ ಸಡಿಲವಾಯಿತು. ಶ್ರುತಿಯ ವಾದದಲ್ಲಿ ಹುರುಳಿದೆ. ಆದರೆ ನಿಜವಾದ ಕಚೇರಿಗಳಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಒಂದು ವಾದ್ಯವನ್ನು ಒಂದು ಇಲಾಖೆ ಮೂವತ್ತು ವರ್ಷ ಹೊರಗಿಟ್ಟಿತು ಎಂಬುದು, ಸಂಗೀತದ ಮೇಲೆ ರೇಡಿಯೊ ಎಷ್ಟು ಹಿಡಿತ ಬಯಸಿತು ಎಂಬುದಕ್ಕೆ ಸಾಕ್ಷಿ. ಇದಕ್ಕಿಂತ ಕಠೋರವಾದದ್ದು ಗಾಯಕಿಯರಿಗೆ ಸಂಬಂಧಿಸಿದ್ದು. 1946ರಲ್ಲಿ ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದ ವಲ್ಲಭಭಾಯಿ ಪಟೇಲರು ಖಾಸಗಿ ಬದುಕಿನ ಕಾರಣಕ್ಕೆ ಕೆಲವರಿಗೆ ಬಾಗಿಲು ಮುಚ್ಚಿಸಿದರು. ಪೆಟ್ಟು ಬಿದ್ದದ್ದು ತಲೆತಲಾಂತರದಿಂದ ಠುಮ್ರಿ, ದಾದ್ರಾಗಳನ್ನು ಉಳಿಸಿಕೊಂಡು ಬಂದ ಬಾಯಿಗಳಿಗೆ.

ಆಮೇಲೆ ಬಂದವರು ಬಿ.ವಿ. ಕೇಸ್ಕರ್. 1952ರಿಂದ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರು, ಸ್ವತಃ ಧ್ರುಪದ ಕಲಿತವರು, ಹಟವಾದಿ. ಇಂದಿನ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಚೌಕಟ್ಟು ಬಹುಪಾಲು ಅವರ ಕಾಲದ್ದು. ಅದೇ ವರ್ಷ ಆಡಿಷನ್ ಪದ್ಧತಿ ಬಿಗಿಯಾಯಿತು. ಎ ಟಾಪ್, ಎ, ಬಿ ಹೈ, ಬಿ ಎಂಬ ದರ್ಜೆಗಳು ಬಂದವು; ಹಿಂದುಸ್ತಾನಿಯ ಕಡೆ ಎಸ್.ಎನ್. ರತಂಜನಕರ್ ಮುಂದಾಳು. ಆಗಲೇ ಹೆಸರು ಮಾಡಿದ್ದವರು ತಾವೂ ಪರೀಕ್ಷೆಗೆ ಕೂರಬೇಕೆಂದಾಗ ಕೆರಳಿದರು, ಪ್ರತಿಭಟನೆಗಳಾದವು. ಉಸ್ತಾದರ ಮನೆಯಲ್ಲಿ ಬೆಳೆದವನಿಗೆ ಪಾಠದ ಪುಸ್ತಕ ಬರೆದವರು ಅಂಕ ಕೊಡುವುದೇ ಎಂಬ ಸಿಟ್ಟು ಅದು. ಇನ್ನೊಂದು ಮಗ್ಗುಲೂ ಉಂಟು. ಪರೀಕ್ಷಕರಿಗೆ ಮುಖ ಕಾಣದ, ಹೆಸರು ತಿಳಿಯದ ಆಡಿಷನ್ನಿನಲ್ಲಿ, ಯಾವ ಘರಾಣೆಯ ಬಲವೂ ಇಲ್ಲದ ಸಣ್ಣ ಊರಿನ ಹುಡುಗಿಯೊಬ್ಬಳು ಬಿ ದರ್ಜೆ ಪಡೆದು, ವರ್ಷಕ್ಕೆ ಕೆಲವು ಸಲ ಅರ್ಧ ಗಂಟೆ ಹಾಡಿ, ಮದುವೆಯಾದ ಮೇಲೂ ತಂಬೂರಿ ಬಿಡದೆ ಉಳಿಯಲು ಸಾಧ್ಯವಾಯಿತು. 'ಆಕಾಶವಾಣಿ ಕಲಾವಿದೆ' ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲ ಅದು. ನಗುವ ವಿಷಯವಲ್ಲ, ಹೆಣ್ಣುಮಕ್ಕಳ ಹಾಡಿಗೆ ಸಿಕ್ಕ ಮರ್ಯಾದೆಯ ಮೊಹರು.

ಕೇಸ್ಕರರ ಇನ್ನೊಂದು ಹಟ ಸಿನಿಮಾ ಹಾಡಿನ ಮೇಲಿನದು. ಅದನ್ನು ಕಡಿತಗೊಳಿಸಿ, ನಿರ್ಮಾಪಕರೊಡನೆ ಜಗಳವೂ ಆಗಿ, ದೇಶದ ಕಿವಿ ರೇಡಿಯೊ ಸಿಲೋನಿನತ್ತ ತಿರುಗಿತು. ಕೊನೆಗೆ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ತೆರೆದು ರಾಜಿಯಾಗಬೇಕಾಯಿತು. ಶಾಸ್ತ್ರೀಯ ಸಂಗೀತವನ್ನು ಜನ ತಾನಾಗಿ ಬಯಸುವವರೆಗೆ ಕಾಯದೆ ಬಡಿಸುತ್ತಲೇ ಇರಬೇಕು ಎಂಬ ಅವರ ನಂಬಿಕೆಯನ್ನು ಗೇಲಿ ಮಾಡುವುದು ಸುಲಭ. ಆದರೆ 1952ರ ಜುಲೈ 20ರಂದು ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅದೇ ನಂಬಿಕೆಯ ಫಲ. ಶನಿವಾರ ರಾತ್ರಿ ಒಂದೂವರೆ ಗಂಟೆ ಒಬ್ಬರೇ ಕಲಾವಿದರು ದೇಶದ ಎಲ್ಲ ನಿಲಯಗಳಿಂದ ಒಮ್ಮೆಗೇ ಕೇಳಿಬರುತ್ತಿದ್ದರು. 1954ರಿಂದ ಆಹ್ವಾನಿತ ಶ್ರೋತೃಗಳ ಮುಂದೆ ರೇಡಿಯೊ ಸಂಗೀತ ಸಮ್ಮೇಳನ. ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಡೆಸಿದ ವಾದ್ಯವೃಂದವೂ ಅದೇ ದಶಕದ್ದು. ಅದರ ಬಗ್ಗೆ ನನಗೆ ಹೆಚ್ಚು ಉತ್ಸಾಹವಿಲ್ಲ.

ಗಡಿಯಾರ ಸಂಗೀತಕ್ಕೆ ಏನು ಮಾಡಿತು? ಎಲ್ಲವನ್ನೂ ಕತ್ತರಿಸಿತು ಎಂದು ಹಿರಿಯರು ಬೈಯುತ್ತಾರೆ. ಅದಕ್ಕೂ ಮುಂಚಿನ ಗ್ರಾಮಫೋನ್ ತಟ್ಟೆಗೆ ಹೋಲಿಸಿದರೆ ರೇಡಿಯೊ ಉದಾರಿ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದಲ್ಲಿ ರಾಗ ಮುಗಿಸುತ್ತಿದ್ದವರಿಗೆ ಅರ್ಧ ಗಂಟೆ ಸಿಕ್ಕಿತು, ಆಲಾಪಕ್ಕೆ ಉಸಿರು ಬಂತು. ನಿಜವಾಗಿ ಬದಲಾದದ್ದು ಆಕಾರ. ಇಷ್ಟೇ ನಿಮಿಷದಲ್ಲಿ ಆಲಾಪನೆ, ಕೃತಿ, ನೆರವಲ್, ಸ್ವರ ಎಂದು ಮೊದಲೇ ಅಳೆದುಕೊಂಡು ಬರುವ ಅಭ್ಯಾಸ ಕರ್ನಾಟಕ ಸಂಗೀತಗಾರರಿಗೆ ಆಯಿತು. ತನಿ ಆವರ್ತನ ಕೆಲವು ನಿಮಿಷಕ್ಕೆ ಇಳಿಯಿತು. ಎರಡು ನಿಮಿಷ ಉಳಿದರೆ ತಟ್ಟನೆ ಒಂದು ದೇವರನಾಮ ಹಿಡಿಯುವ ಜಾಣತನವೂ ಬಂತು.

ಇನ್ನೊಂದು ಬದಲಾವಣೆ ಉದ್ಘೋಷಕರಿಂದ. ಕಚೇರಿಯಲ್ಲಿ ವಿದ್ವಾಂಸರು ರಾಗದ ಹೆಸರು ಹೇಳುವ ವಾಡಿಕೆ ಇರಲಿಲ್ಲ. ಗೊತ್ತಿದ್ದವರಿಗೆ ಗೊತ್ತು, ಇಲ್ಲದವರು ಪಕ್ಕದವರನ್ನು ಕೇಳಬೇಕು. ರೇಡಿಯೊದಲ್ಲಿ ಪ್ರತಿ ರಚನೆಗೂ ರಾಗ, ತಾಳ, ವಾಗ್ಗೇಯಕಾರರ ಹೆಸರು ಕೇಳಿಬಂತು. ದಿನವೂ ಒಗ್ಗರಣೆ ಹಾಕುತ್ತಲೋ ಹೂ ಕಟ್ಟುತ್ತಲೋ ಆ ಹೆಸರುಗಳನ್ನು ಕೇಳಿದ ಹೆಂಗಸರಲ್ಲಿ ಗುರುವಿನ ಮುಖವನ್ನೇ ನೋಡದೆ ಕಾಂಬೋಧಿಗೂ ಹರಿಕಾಂಬೋಧಿಗೂ ವ್ಯತ್ಯಾಸ ಹಿಡಿಯುವವರು ಹುಟ್ಟಿಕೊಂಡರು. ಸಂಗೀತ ಪಾಠದ ಕಾರ್ಯಕ್ರಮಗಳಿಗೆ ನೋಟ್‌ಬುಕ್ಕು, ಪೆನ್ಸಿಲು ಹಿಡಿದು ಕೂರುತ್ತಿದ್ದವರೂ ಇದ್ದರು. ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳೆಲ್ಲ ಸೇರಿ ತಯಾರು ಮಾಡಿದ್ದಕ್ಕಿಂತ ಹೆಚ್ಚು ರಸಿಕರನ್ನು ಈ ಒಂದು ಸಾಲಿನ ಘೋಷಣೆ ತಯಾರು ಮಾಡಿತು ಎಂದರೆ ಯಾರಾದರೂ ಜಗಳಕ್ಕೆ ಬರಲಿ.

ಟೇಪು ಬಂದಮೇಲೆ ಮೂರು ಹೊತ್ತಿನ ಕಟ್ಟಳೆ ಹೋಯಿತು. ಒಂದೇ ಮಧ್ಯಾಹ್ನ ಬೆಳಗಿನ ರಾಗವನ್ನೂ ರಾತ್ರಿಯ ರಾಗವನ್ನೂ ಹಾಡಿಟ್ಟು ಸಂಜೆಯ ಬಸ್ಸು ಹಿಡಿಯಬಹುದಾಯಿತು. ಅನುಕೂಲ ನಿಜ. ಆದರೆ ಟೇಪು ದುಬಾರಿಯಾಗಿದ್ದರಿಂದ ಒಂದರ ಮೇಲೊಂದು ಮುದ್ರಿಸಿ ಎಷ್ಟೋ ದನಿಗಳು ಅಳಿಸಿಹೋದವು.

1980ರ ದಶಕದ ಕ್ಯಾಸೆಟ್ಟು ಮತ್ತು ದೂರದರ್ಶನ ಕೇಳುಗರನ್ನು ಕದ್ದವು. ಬೆಂಗಳೂರಿನಲ್ಲಿ 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಂತು; ಅಂಥ ವಾಹಿನಿಗಳ ದಿನಚರಿಯಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಜಾಗವಿಲ್ಲ, ಇರಲೇಬೇಕೆಂದು ಯಾರೂ ನಿರೀಕ್ಷಿಸಲೂ ಇಲ್ಲ. ಬೆಂಗಳೂರಿನಿಂದಲೇ ವ್ಯವಹಾರ ನಡೆಸುತ್ತಿದ್ದ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊ ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದುಸ್ತಾನಿಗೆ ಗಂಧರ್ವ್ ಎಂಬ ವಾಹಿನಿಗಳನ್ನು ಚಂದಾದಾರರಿಗೆ ಕೊಟ್ಟಿತು. ಜನ ದುಡ್ಡು ಕೊಟ್ಟೂ ಕೇಳಿದರು. ಆದರೆ 2009ರ ಕೊನೆಗೆ ಭಾರತದಲ್ಲಿ ಆ ಸೇವೆ ನಿಂತಿತು. ಆಕಾಶವಾಣಿಯೇ ಬೆಂಗಳೂರಿನಲ್ಲಿ 100.1ರ ಎಫ್‌ಎಂ ತರಂಗದಲ್ಲಿ ಅಮೃತವರ್ಷಿಣಿ ಎಂಬ ಶಾಸ್ತ್ರೀಯ ಸಂಗೀತದ್ದೇ ವಾಹಿನಿ ನಡೆಸಿತು. 2016ರ ಗಣರಾಜ್ಯೋತ್ಸವದಂದು ಬೆಂಗಳೂರು ನಿಲಯದಿಂದಲೇ ಇಪ್ಪತ್ನಾಲ್ಕು ಗಂಟೆಯ 'ರಾಗಂ' ಶುರುವಾಯಿತು. ಡಿಟಿಎಚ್‌ನಲ್ಲಿ, ಅಂತರ್ಜಾಲದಲ್ಲಿ, ಮೊಬೈಲಿನಲ್ಲಿ ಅದು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡಿಗರು ಸಂಜೆ ಕೆಲಸ ಮುಗಿಸಿ ಕಾರಿನಲ್ಲಿ ಕೂತಾಗ ಬೌಳಿಯೋ ಭೂಪಾಳವೋ ಕೇಳಿಬರುತ್ತದೆ. ರಾಗಕ್ಕೆ ಹೊತ್ತು ಕಟ್ಟಿದ ಪಂಡಿತರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ, ಕೇಳುವವರಿಗೆ ತಕರಾರಿಲ್ಲ.

ಇಡೀ ದಿನ ಸಂಗೀತ ಬಂದದ್ದು ಹಬ್ಬವೇ. ಆದರೆ ದಿನವನ್ನು ತುಂಬುವ ಬಹುಪಾಲು ಸರಕು ಹಳೆಯದು. ನಿವೃತ್ತರಾದ ನಿಲಯದ ಕಲಾವಿದರ ಜಾಗಗಳು ಹೆಚ್ಚಾಗಿ ಖಾಲಿಯೇ ಉಳಿದವು. ಮೃದಂಗಕ್ಕೂ ಪಿಟೀಲಿಗೂ ಹೊರಗಿನಿಂದ ಜನ ಕರೆಸಬೇಕು. ಹಳೆಯ ಧ್ವನಿಮುದ್ರಿಕೆ ಕೇಳಿಸುವುದರಲ್ಲಿ ತಪ್ಪೇನೂ ಇಲ್ಲ, ನನಗಂತೂ ಅದೇ ಹೆಚ್ಚು ಇಷ್ಟ. ಕೊರತೆ ಬೇರೆಡೆ ಇದೆ. ಗಾಯಕರ ಹೆಸರು, ರಾಗ, ತಾಳ ಹೇಳುತ್ತಾರೆ. ಯಾವ ವರ್ಷದ, ಯಾವ ನಿಲಯದ ಮುದ್ರಣ ಎಂಬುದನ್ನು ಹೆಚ್ಚಿನ ಸಲ ಹೇಳುವುದಿಲ್ಲ. ಮನ್ಸೂರರ ನಲವತ್ತರ ಪ್ರಾಯದ ದನಿಯೋ ಎಪ್ಪತ್ತರದೋ, ಪಕ್ಕದಲ್ಲಿ ಸಾರಂಗಿ ಇದೆಯೋ, 1971ರ ನಂತರದ ಹಾರ್ಮೋನಿಯಮ್ಮೋ ಎಂದು ಕೇಳುಗನೇ ಊಹಿಸಬೇಕು. ಟೇಪಿನ ಡಬ್ಬಿಯ ಮೇಲಿನ ಚೀಟಿಯಲ್ಲಿ ದಿನಾಂಕ ಇರುತ್ತದೆ. ಅದನ್ನೂ ಓದಿಬಿಟ್ಟರೆ ಐದು ಸೆಕೆಂಡು ಹೆಚ್ಚು ಹಿಡಿಯಬಹುದು, ಅಷ್ಟೆ.