ಕನ್ನಡ ನಾಡಿನ ಕ್ರೈಸ್ತ ಪ್ರಚಾರಯಾತ್ರೆ: ದಿನಚರಿಯ ಚರಿತ್ರೆ

ಬೆಂಗಳೂರಿನಿಂದ ಗುಬ್ಬಿಗೆ ಹೊರಟವರು ಇಂದು ಪೀಣ್ಯದ ಮೇಲ್ಸೇತುವೆ ಹತ್ತಿಳಿದು, ನೆಲಮಂಗಲ ದಾಟಿ, ತುಮಕೂರು ಹಿಡಿಯುತ್ತಾರೆ. 1830ರ ದಶಕದ ಕೊನೆಯಲ್ಲಿ ಇದೇ ದಿಕ್ಕಿಗೆ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳ ಎತ್ತಿನ ಬಂಡಿಗಳು ಸಾಗುತ್ತಿದ್ದವು. ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. 1839ರಲ್ಲಿ ಬಂದ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಅಲ್ಲಿದ್ದುಕೊಂಡು ಕನ್ನಡ ಕಲಿತರು; ಕಣ್ಣು ಕೈಕೊಟ್ಟಿದ್ದರಿಂದ ಎರಡೇ ವರ್ಷಕ್ಕೆ ತಾಯ್ನಾಡಿಗೆ ಮರಳಬೇಕಾಯಿತು. 1847ರಲ್ಲಿ ಅವರು ಹೊರತಂದ 'ಎ ಮಿಷನ್ ಟು ದಿ ಮೈಸೂರ್' ಆ ಕಾಲದ ಗುಬ್ಬಿ ಸೀಮೆಯ ಬದುಕಿಗೂ ಒಂದು ದಾಖಲೆ.

ಪ್ರಚಾರಯಾತ್ರೆ ಕನ್ನಡ ನಾಡಿಗೆ ಅದಕ್ಕಿಂತ ಹಳೆಯದು. 17ನೇ ಶತಮಾನದ ನಡುವಿನಲ್ಲಿ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಕಟ್ಟಿದರು. 1799ರ ನಂತರ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಇದೇ ಸೀಮೆಯ ಊರುಗಳಲ್ಲಿ ಇಲ್ಲಿಯವರ ಉಡುಪು ತೊಟ್ಟು ತಿರುಗಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸವನ್ನೂ ಹೊತ್ತರು. ಪ್ರಾಟೆಸ್ಟೆಂಟರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ 1834ರಲ್ಲಿ ಮಂಗಳೂರು ಮುಟ್ಟಿದರು. ಐದು ವರ್ಷದೊಳಗೆ ಮಿಷನ್ ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿತು.

ಯಾತ್ರೆಗೆ ಮಳೆ ನಿಲ್ಲಬೇಕಿತ್ತು. ಹೊಳೆ ಇಳಿದು, ದಾರಿಯ ಕೆಸರು ಒಣಗಿ, ಚಳಿ ಬಿದ್ದ ಮೇಲೆ ಬಂಡಿ ಕಟ್ಟುತ್ತಿದ್ದರು. ಬಂಡಿಯಲ್ಲಿ ಗುಡಾರ, ಪಾತ್ರೆ, ಅಕ್ಕಿ, ಔಷಧದ ಪೆಟ್ಟಿಗೆ, ಎಲ್ಲಕ್ಕಿಂತ ಭಾರವಾಗಿ ಪುಸ್ತಕದ ಪೆಟ್ಟಿಗೆ. ಗುಡಾರ ಏಳುತ್ತಿದ್ದುದು ಹೆಚ್ಚಾಗಿ ಊರಾಚೆಯ ಮಾವಿನ ತೋಪಿನಲ್ಲಿ. ನೆರಳೊಂದೇ ಅದಕ್ಕೆ ಕಾರಣವಲ್ಲ. ಊರೊಳಗಿನ ಬಾವಿ, ಜಗಲಿ, ಚಾವಡಿ ಯಾರಿಗೆ ಸಲ್ಲುತ್ತವೆ, ಯಾರಿಗಿಲ್ಲ ಎಂಬ ಜಾತಿಯ ಲೆಕ್ಕ ಪರದೇಶದಿಂದ ಬಂದವರನ್ನೂ ಬಿಡುತ್ತಿರಲಿಲ್ಲ.

ಬೆಳಕು ಹರಿಯುವ ಮುನ್ನವೇ ಹೊರಟು ಒಂದೆರಡು ಹಳ್ಳಿ ಮುಗಿಸಬೇಕಿತ್ತು, ಏಕೆಂದರೆ ಬಿಸಿಲೇರಿದರೆ ಒಕ್ಕಲುಮಕ್ಕಳು ಹೊಲದಲ್ಲಿರುತ್ತಿದ್ದರು. ಅರಳಿಕಟ್ಟೆಯ ಬಳಿ ನಿಂತು ಓದುವುದು, ಮಾತಾಡುವುದು, ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು. ಮಧ್ಯಾಹ್ನ ಗುಡಾರದಲ್ಲಿ ಭಾಷೆಯ ಪಾಠ ಮತ್ತು ಕಾಗದ ಬರೆಯುವ ಕೆಲಸ. ಇಳಿಹೊತ್ತಿಗೆ ಜ್ವರಕ್ಕೆ, ಹುಣ್ಣಿಗೆ ಮದ್ದು ಕೇಳಿಕೊಂಡು ಜನ ಬರುತ್ತಿದ್ದರು. ದಾರಿಯ ನಕ್ಷೆ ಬರೆದದ್ದು ಸಂತೆ: ಸೋಮವಾರ ಒಂದೂರು, ಮಂಗಳವಾರ ಇನ್ನೊಂದು. ಹತ್ತಾರು ಹಳ್ಳಿಯ ಜನ ಒಂದೇ ಕಡೆ ಸೇರುವ ಆ ದಿನ ಕಿರುಹೊತ್ತಿಗೆಗಳು ಮಾರಾಟವಾಗುತ್ತಿದ್ದವು. ಜಾತ್ರೆಯಲ್ಲಿ ಕೇಳುವವರಿಗೆ ಬರವಿರಲಿಲ್ಲ, ಕೆರಳುವವರಿಗೂ ಬರವಿರಲಿಲ್ಲ. ಊರದೇವರ ಉತ್ಸವದ ನಡುವೆ ನಿಂತು ಆ ದೇವರನ್ನೇ ಅಲ್ಲಗಳೆಯುವ ಮಾತಿಗೆ ಜನ ನೊಂದದ್ದು ಸಹಜ; ಉದ್ದ ಗಡ್ಡದ ಸ್ಯಾಮ್ಯುಯೆಲ್ ಹೆಬಿಕ್ ಮಲಬಾರಿನ ಜಾತ್ರೆಗಳಲ್ಲಿ ಇಂಥ ವಿರೋಧವನ್ನು ಮತ್ತೆ ಮತ್ತೆ ಎದುರಿಸಿದರು.

ಹ್ಯಾಂಡ್ಸರನ್ನು ಬಳ್ಳಾರಿಗೆ ಕಳಿಸಿದ ಲಂಡನ್ ಮಿಷನ್ನಿನಿಂದಲೇ ಹೊರಟ ಡೇವಿಡ್ ಲಿವಿಂಗ್‌ಸ್ಟನ್ 1841ರಲ್ಲಿ ದಕ್ಷಿಣ ಆಫ್ರಿಕಾದ ಕುರುಮಾನ್ ಮುಟ್ಟಿದರು. ಅಲ್ಲಿಯೂ ಎತ್ತಿನ ಬಂಡಿಯೇ. ಆದರೆ ಉತ್ತರಕ್ಕೆ ಸಾಗಿದಂತೆ ಸೆಟ್ಸಿ ನೊಣದ ಕಡಿತಕ್ಕೆ ಎತ್ತು, ಕುದುರೆಗಳು ಸಾಯುತ್ತಿದ್ದವು. ಹೊರೆಯೆಲ್ಲ ಆಳುಗಳ ತಲೆಗೆ ಬರುತ್ತಿತ್ತು. ಮೈಸೂರಿನಲ್ಲಿ ಎತ್ತು ಉಳಿಯಿತು, ದಾರಿಯೂ ಬೆಳೆಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂತು.

ದಾರಿ ಕಲಿಸಿದ್ದು ಭಾಷೆಯನ್ನು. ಪುಸ್ತಕದ ಕನ್ನಡ ಸಂತೆಯಲ್ಲಿ ನಡೆಯದು ಎಂಬುದು ಮೊದಲ ವಾರದಲ್ಲೇ ತಿಳಿಯುತ್ತಿತ್ತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಹಳ್ಳಿಗರ ನಡುವೆ ತಿರುಗಿ ಮಾತು ಕಲಿತರು; ಏಸುವಿನ ಕತೆಯನ್ನು ಕನ್ನಡದ ಛಂದಸ್ಸಿಗೆ ತಂದು 'ಕಥಾಮಾಲೆ' ಬರೆದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಹಳೆಗನ್ನಡದ ಕವಿಪ್ರಯೋಗದ ಪಕ್ಕದಲ್ಲೇ ಒಕ್ಕಲಿಗರ ಮಾತು, ಗಾದೆ ಕೂತಿರುವುದು ಆ ಪುಟಗಳ ಜೀವ.

ಚರಿತ್ರೆಯಲ್ಲಿ ಪರದೇಶದ ಹೆಸರುಗಳು ದೊಡ್ಡದಾಗಿ ಕಾಣುತ್ತವೆ. ಬಂಡಿಯ ಜತೆ ನಡೆದವರು, ಊರಿನವರ ಮನಸ್ಸು ಬಲ್ಲವರು, ಪಾದ್ರಿಯ ತೊದಲುಮಾತನ್ನು ತಿದ್ದಿ ದಾಟಿಸಿದವರು ಇಲ್ಲಿನ ಉಪದೇಶಿಗಳು. ಅವರಲ್ಲಿ ಬಹುಪಾಲು ಜನರ ಹೆಸರು ಉಳಿದಿಲ್ಲ. ಉಳಿದವರಲ್ಲಿ ಎದ್ದು ಕಾಣುವವರು ಚೆನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಊರೂರು ತಿರುಗಿದ ಅವರು ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು, ಕೈಬರಹದ ಪ್ರತಿಗಳನ್ನು ಸಂಗ್ರಹಿಸಿದರು. ಸುವಾರ್ತೆ ಹೇಳಲು ಹೋದವರು ಸರ್ವಜ್ಞನನ್ನು ಕೇಳಿಸಿಕೊಂಡು ಬಂದರು. ಎರಡು ಸಾವಿರಕ್ಕೂ ಹೆಚ್ಚು ವಚನಗಳು 1924ರಲ್ಲಿ ಪುಸ್ತಕವಾದವು. ಶರಣರ ಅನುಭವ ಮಂಟಪದ ಬಗೆಗೂ ಅಷ್ಟೇ ಆಸ್ಥೆಯಿಂದ ಬರೆದ ಈ ಪಾದ್ರಿಯನ್ನು ಕನ್ನಡಿಗರು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಪ್ರಚಾರಯಾತ್ರೆಯ ಇಡೀ ಚರಿತ್ರೆಯಲ್ಲಿ ಆ ಸರ್ವಜ್ಞ ಸಂಗ್ರಹಕ್ಕಿಂತ ದೊಡ್ಡ ಗಳಿಕೆ ಇನ್ನೊಂದಿಲ್ಲ.

1876–78ರ ಬರ ತಿರುಗಾಟದ ಸ್ವರೂಪವನ್ನೇ ಬದಲಿಸಿತು. ತಬ್ಬಲಿ ಮಕ್ಕಳನ್ನು ಸಾಕುವ ಹೊಣೆ ಬಿದ್ದಾಗ ಗುಡಾರಕ್ಕಿಂತ ಅನಾಥಾಲಯ, ಶಾಲೆ ಮುಖ್ಯವಾದವು. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತೆರೆಯಿತು. ಬಂಡಿಯ ಔಷಧದ ಪೆಟ್ಟಿಗೆಗೆ ಹೀಗೆ ಗೋಡೆ, ಸೂರು ಬಂದವು.

ತಿರುಗಾಟದ ರೂಢಿ ಮಾತ್ರ ಬೇರೆ ಕೆಲಸಕ್ಕೆ ದಾಟಿತು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಿಂದ ಬೆಂಗಳೂರಿನಲ್ಲಿ ಕನ್ನಡದಲ್ಲಿ ಬೋಧಿಸಿದವರು. ಅದೇ ವರ್ಷ ಬೆಂಗಳೂರಿನಲ್ಲೇ ಹುಟ್ಟಿದ ಮಗ ಬಿ. ಎಲ್. ರೈಸ್ ಸರ್ಕಾರದ ಶಿಕ್ಷಣ ಇಲಾಖೆ ಸೇರಿ, ಶಾಲೆ ನೋಡಲು ಹಳ್ಳಿ ಸುತ್ತುತ್ತ ಕಲ್ಲಿನ ಬರಹಗಳ ಬೆನ್ನು ಹತ್ತಿದರು. ಅವರು ಹೊರತಂದ ಶಾಸನ ಸಂಗ್ರಹ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅದರಲ್ಲಿ ನೆಲಮಂಗಲ, ಹೊಸಕೋಟೆ, ಆನೇಕಲ್ ತಾಲ್ಲೂಕುಗಳ ಶಾಸನಗಳಿವೆ: ಇಂದು ಪೀಣ್ಯದ ಕಾರ್ಖಾನೆಗಳು, ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳು, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು ಹಬ್ಬುತ್ತಿರುವ ಊರುಗಳ ಕೆರೆ, ಗದ್ದೆ, ದಾನ, ಕಾಳಗಗಳ ಲೆಕ್ಕ.