ಫೋನಿನ ಹಿತ್ತಿಲ ಬಾಗಿಲು

ನಾನು ಬಳಸಿ ಅಜ್ಜಿಗೆ ಕೊಟ್ಟಿದ್ದ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಆಕೆ ಹಾಡಿದ ಸೋಬಾನೆ ಪದಗಳಿದ್ದವು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ಕೈಗೆತ್ತಿಕೊಂಡರೆ ಪರದೆ ಪೂರ್ತಿ ಕಪ್ಪು, ಮುಟ್ಟಿದರೆ ಸ್ಪಂದನೆಯಿಲ್ಲ. ಆದರೆ ಆನ್ ಮಾಡಿದಾಗ ಒಮ್ಮೆ ನಡುಗುತ್ತಿತ್ತು. ಜೀವ ಇದೆ ಎಂದಾಯಿತು. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ‘ಎಡಿಬಿ ಡಿವೈಸಸ್’ ಎಂಬ ಆಜ್ಞೆ ಕೊಟ್ಟೆ. ಫೋನಿನ ಸಂಖ್ಯೆಯ ಮುಂದೆ ಒಂದೇ ಪದ ಬಂತು: ‘ಅನ್‌ಆಥರೈಸ್ಡ್’. ಈ ಕಂಪ್ಯೂಟರನ್ನು ನಂಬಬಹುದೇ ಎಂದು ಫೋನು ತನ್ನ ಪರದೆಯ ಮೇಲೆ ಕೇಳುತ್ತಿತ್ತು. ಆ ಪ್ರಶ್ನೆ ಕಾಣಿಸುವ ಪರದೆಯೇ ಸತ್ತಿತ್ತು.

ಫೋನು ಹೀಗೆ ಕೇಳಲು ಕಲಿತದ್ದು ಯಾವಾಗ ಎಂದು ಹುಡುಕಹೊರಟವನು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಯಂತ್ರದ ಒಳಗಿನ ಮಾತನ್ನು ತಂತಿಯ ಮೂಲಕ ಕೇಳಿಸಿಕೊಳ್ಳುವ ಪದ್ಧತಿ ಟೆಲಿಗ್ರಾಫಿನ ಕಾಲದ ಬಳುವಳಿ. ವೇಗ ಅಳೆಯುವ ‘ಬಾಡ್’ ಎಂಬ ಮಾನ ಫ್ರಾನ್ಸಿನ ಟೆಲಿಗ್ರಾಫ್ ತಂತ್ರಜ್ಞ ಎಮಿಲ್ ಬೋದೋ ಅವರ ಹೆಸರಿನಿಂದ ಬಂದದ್ದು. ಲಿನಕ್ಸ್‌ನಲ್ಲಿ ಇಂದಿಗೂ ಕಾಣುವ ‘ಟಿಟಿವೈ’ ಎಂಬುದು ಟೆಲಿಟೈಪ್ ಯಂತ್ರದ ನೆನಪು. ಅಕ್ಷರಗಳನ್ನು ಒಂದರ ಹಿಂದೊಂದು ಬಿಟ್ಟಾಗಿ ಕಳಿಸುವ ಆರ್‌ಎಸ್-232 ಎಂಬ ಮಾನಕ 1960ರಲ್ಲಿ ಬಂತು. ಆಂಡ್ರಾಯ್ಡ್‌ನ ತಳದಲ್ಲಿರುವುದೂ ಲಿನಕ್ಸೇ. ಹಾಗಾಗಿ ಎಷ್ಟೋ ಫೋನುಗಳ ಸರ್ಕ್ಯೂಟ್ ಬೋರ್ಡಿನ ಮೇಲೆ ಕಳಿಸಲೊಂದು, ಕೇಳಲೊಂದು ಎಂದು ಪುಟ್ಟ ಬಿಂದುಗಳಿರುತ್ತವೆ. ಅಲ್ಲಿಗೆ ತಂತಿ ಬೆಸೆದರೆ, ಪರದೆ ಬೆಳಗುವ ಮೊದಲೇ ಫೋನು ತಾನು ಎದ್ದೇಳುವ ಕಥೆಯನ್ನು ಸಾಲುಸಾಲಾಗಿ ಹೇಳುತ್ತದೆ. 2012ರ ನೆಕ್ಸಸ್ 4 ಫೋನಿನಲ್ಲಿ ಈ ದಾರಿ ಇಯರ್‌ಫೋನ್ ತೂತಿನಲ್ಲೇ ಅಡಗಿತ್ತು. ಮೈಕಿನ ತಂತಿಗೆ ತಕ್ಕ ವೋಲ್ಟೇಜ್ ಕೊಟ್ಟರೆ, ಹಾಡು ಬರಬೇಕಾದ ಕಡೆಯಿಂದ ಕರ್ನಲ್‌ನ ವರದಿ ಹರಿಯುತ್ತಿತ್ತು.

ಇನ್ನೂ ಆಳದ ದಾರಿ ಜೆಟ್ಯಾಗ್. ಚಿಪ್ಪುಗಳ ಕಾಲುಗಳು ಒತ್ತೊತ್ತಾಗುತ್ತಾ ಹೋಗಿ, ಹೊರಗಿನಿಂದ ಮುಳ್ಳು ಚುಚ್ಚಿ ಪರೀಕ್ಷಿಸುವುದು ಕಷ್ಟವಾದಾಗ, ಪರೀಕ್ಷಿಸುವ ವ್ಯವಸ್ಥೆಯನ್ನು ಚಿಪ್ಪಿನೊಳಗೇ ಇಡೋಣವೆಂದು 1985ರಲ್ಲಿ ಕಂಪನಿಗಳ ಗುಂಪೊಂದು ಸೇರಿತು. ಅದು 1990ರಲ್ಲಿ ಐಇಇಇ 1149.1 ಎಂಬ ಮಾನಕವಾಯಿತು. ಬೋರ್ಡಿನ ಬೆಸುಗೆ ಸರಿಯಿದೆಯೇ ಎಂದು ನೋಡಲು ಹುಟ್ಟಿದ ಈ ಉಪಾಯ, ಮುಂದೆ ಪ್ರೊಸೆಸರನ್ನು ನಡುದಾರಿಯಲ್ಲಿ ನಿಲ್ಲಿಸಿ ಅದರ ಮೆಮೊರಿ ಓದಲೂ ಬಳಕೆಯಾಯಿತು.

ಇಂಥ ಬಾಗಿಲನ್ನು ಮುಚ್ಚಲು ಮರೆತರೆ ಏನಾಗುತ್ತದೆ ಎಂಬುದು 2008ರಲ್ಲಿ ಜಗತ್ತಿಗೆ ಗೊತ್ತಾಯಿತು. ಮೊದಲ ಆಂಡ್ರಾಯ್ಡ್ ಫೋನು ಟಿ-ಮೊಬೈಲ್ ಜಿ1 ಅಕ್ಟೋಬರ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಕೆಲವೇ ವಾರಗಳಲ್ಲಿ ಬಳಕೆದಾರನೊಬ್ಬ, ಉತ್ತರಿಸಲು ಏಕೆ ತಡ ಎಂದು ಕೇಳಿದ ಗೆಳತಿಗೆ ‘ರೀಬೂಟ್’ ಎಂದು ಒಂದೇ ಪದದ ಉತ್ತರ ಟೈಪ್ ಮಾಡಿದ. ಫೋನು ಆ ಕ್ಷಣವೇ ರೀಬೂಟ್ ಆಯಿತು! ತಯಾರಿಕೆಯ ಹಂತದ ಕನ್ಸೋಲೊಂದು ಒಳಗೆ ಹಾಗೆಯೇ ಉಳಿದು, ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ರೂಟ್ ಅಧಿಕಾರದ ಆಜ್ಞೆಯೆಂದು ಓದುತ್ತಿತ್ತು. ಕೂಡಲೇ ಅಪ್‌ಡೇಟ್ ಬಂತು. ಆದರೆ ಕೆಲವರಿಗೆ ಅದು ಬೇಡವಾಗಿತ್ತು. ‘ಟೆಲ್ನೆಟ್‌ಡಿ’ ಎಂದು ಟೈಪ್ ಮಾಡಿದರೆ ಸಾಕು, ಕಂಪ್ಯೂಟರಿನಿಂದ ಒಳಹೊಕ್ಕು ತಾವೇ ಹಣ ಕೊಟ್ಟು ಕೊಂಡ ಫೋನಿಗೆ ನಿಜವಾದ ಒಡೆಯರಾಗಬಹುದಿತ್ತು. ಕಂಪನಿಗೆ ತಪ್ಪಾಗಿ ಕಂಡದ್ದು ಇವರಿಗೆ ಹಕ್ಕಾಗಿ ಕಂಡಿತು.

ಸಾಮಾನ್ಯರಿಗೆ ಉಳಿದ ಅಧಿಕೃತ ದಾರಿಯೆಂದರೆ ಎಡಿಬಿ, ಅಂದರೆ ಆಂಡ್ರಾಯ್ಡ್ ಡೀಬಗ್ ಬ್ರಿಜ್. ಕಂಪ್ಯೂಟರಿನಲ್ಲಿ ಆಜ್ಞೆ ಪಡೆಯುವ ಕ್ಲೈಂಟ್, ಅಲ್ಲೇ 5037ನೇ ಪೋರ್ಟಿನಲ್ಲಿ ಕಾಯುವ ಸರ್ವರ್, ಫೋನಿನೊಳಗೆ ಕೆಲಸ ಮಾಡುವ ಡೀಮನ್ ಎಂದು ಇದಕ್ಕೆ ಮೂರು ಅಂಗ. ಮೊದಮೊದಲು ಡೀಬಗ್ಗಿಂಗ್ ಆನ್ ಆಗಿದ್ದ ಫೋನಿಗೆ ಯಾರು ಕೇಬಲ್ ಹಾಕಿದರೂ ಒಳಗೆ ಪ್ರವೇಶವಿತ್ತು. 2012ರ ಆಂಡ್ರಾಯ್ಡ್ 4.2ರಲ್ಲಿ ಈ ಆಯ್ಕೆಯನ್ನೇ ಮರೆಮಾಡಿದರು. ಬಿಲ್ಡ್ ನಂಬರನ್ನು 7 ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಮರುವರ್ಷ 4.2.2 ಬಂದಾಗ ಕಂಪ್ಯೂಟರಿನ ಆರ್‌ಎಸ್‌ಎ ಕೀಲಿಯನ್ನು ತೋರಿಸಿ ಒಪ್ಪಿಗೆ ಕೇಳುವ ಪದ್ಧತಿ ಶುರುವಾಯಿತು. ನನ್ನನ್ನು ತಡೆದು ನಿಲ್ಲಿಸಿದ್ದು ಇದೇ.

ಸಿಟ್ಟು ಬಂದದ್ದು ನಿಜ. ಆದರೆ ಯೋಚಿಸಿದರೆ, ರಿಪೇರಿಯವನಿಗೆ ತೆರೆಯುವ ಬಾಗಿಲು ಕಳ್ಳನಿಗೂ ತೆರೆಯುತ್ತದೆ. ಕೇಬಲ್ಲಿನ ಆಚೆ ತುದಿಯಲ್ಲಿರುವವನು ಮೊಮ್ಮಗನೋ ಮತ್ತೊಬ್ಬನೋ ಎಂದು ಫೋನಿಗೆ ಹೇಗೆ ತಿಳಿಯಬೇಕು? ಅದಕ್ಕೆ ಗೊತ್ತಿರುವುದು ಕೀಲಿ ಮಾತ್ರ.

ಕೀಲಿ ಎಂದಾಗಲೇ ಅಟ್ಟದ ಮೇಲಿದ್ದ ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪ್ ನೆನಪಾಯಿತು. ಇದೇ ಫೋನನ್ನು ಅದಕ್ಕೆ ಜೋಡಿಸಿ ‘ಯಾವಾಗಲೂ ಒಪ್ಪಿಗೆ’ ಎಂದು ಗುರುತು ಹಾಕಿದ್ದೆ. 2020ರ ಆಂಡ್ರಾಯ್ಡ್ 11ರಿಂದ ಈಚೆಗೆ, 7 ದಿನ ಬಳಸದಿದ್ದರೆ ಇಂಥ ಒಪ್ಪಿಗೆ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ನಮ್ಮದು ಅದಕ್ಕಿಂತ ಹಳೆಯದು. ಅಜ್ಜಿಗೆ ತೊಡಕಾಗದಿರಲೆಂದು ಸ್ಕ್ರೀನ್ ಲಾಕನ್ನೂ ತೆಗೆದಿದ್ದೆ. ಧೂಳು ಕೊಡವಿ, ಚಾರ್ಜ್ ಮಾಡಿ, ಕೇಬಲ್ ಹಾಕಿದೆ. ಈ ಸಲ ಸಂಖ್ಯೆಯ ಮುಂದೆ ಬಂದದ್ದು ‘ಡಿವೈಸ್’ ಎಂಬ ಪದ.

‘ಎಡಿಬಿ ಪುಲ್’ ಎಂದೆ. ಕಡತಗಳು ಒಂದೊಂದಾಗಿ ಇಳಿದವು. ಒಂದರಲ್ಲಿ ಹಾಡು ಮುಗಿಸಿದ ಅಜ್ಜಿ ಕೇಳುತ್ತಾಳೆ: “ಆಯ್ತಾ ಮಗಾ, ಇದ್ರೊಳೀಕೆ ಸೇರ್ಕತಾ?”