ಹಣ ಬಂದ ದಾರಿಯಲ್ಲೇ ಹೊರಟ ಬಳ್ಳಾರಿಯ ಕಲ್ಲುಗಳು

ಬಳ್ಳಾರಿ ನಗರದ ಹೊರವಲಯದ ಸಂಗನಕಲ್ಲು ಬೆಟ್ಟ ಹತ್ತುವವರ ಕಾಲಿಗೆ ಎಡವುವುದು ಬರಿಯ ಕಲ್ಲಲ್ಲ. ಅಂಚು ಕೆತ್ತಿದ, ಅರ್ಧಕ್ಕೇ ಕೈಬಿಟ್ಟ ಕೊಡಲಿಗಳು, ಕೆತ್ತುವಾಗ ಸಿಡಿದ ಚಕ್ಕೆಗಳು ಅಲ್ಲಿ ರಾಶಿಗಟ್ಟಲೆ ಬಿದ್ದಿವೆ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಅದೊಂದು ಕಲ್ಲುಕೊಡಲಿಯ ಕಾರ್ಖಾನೆ. ಆದರೆ ಅಲ್ಲಿ ಸಿಕ್ಕ ಒಳ್ಳೆಯ ಕೊಡಲಿಗಳನ್ನು ನೋಡಬೇಕಾದರೆ ಬಳ್ಳಾರಿಯವರು ಬಹುಕಾಲ ಮದರಾಸಿಗೋ ಪುಣೆಗೋ ಹೋಗಬೇಕಾಗಿತ್ತು.

ಇದಕ್ಕೆ ಕಾರಣ ಹುಡುಕುತ್ತ ಹೋದರೆ ಪುರಾತತ್ವಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಸಂಶೋಧನೆಗೆ ಹಣ ಬೇಕು. ಆ ಹಣ ಯಾವ ಊರಿನಿಂದ ಬಂತೋ, ಸಿಕ್ಕ ವಸ್ತು ಆ ಊರಿನ ಕಡೆಗೇ ಹೊರಟಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರೂ ಕಡೆಗಳಲ್ಲಿ ಕಳೆದ ಒಂದೂವರೆ ಶತಮಾನದ ಅನುಭವ ಇದೇ.

ಹಿಂದೆ ಹೀಗಿರಲಿಲ್ಲ. ವಿದ್ಯೆಗೆ ಕೊಡುವ ದತ್ತಿ ಆಗ ಸಾಮಾನ್ಯವಾಗಿ ಭೂಮಿಯ ರೂಪದಲ್ಲಿರುತ್ತಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಕಲ್ಯಾಣ ಚಾಲುಕ್ಯರ ಕಾಲದ ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200, ಶಾಸ್ತ್ರ ಓದುವ 52 ವಿದ್ಯಾರ್ಥಿಗಳಿದ್ದರು. ಅವರಿಗೆ ಉಪಾಧ್ಯಾಯರಲ್ಲದೆ ಪುಸ್ತಕ ಭಂಡಾರ ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ಇವರೆಲ್ಲರ ಊಟ, ಬಟ್ಟೆ, ಸಂಬಳಕ್ಕೆ ಹೊಲ ಬಿಟ್ಟುಕೊಟ್ಟಿತ್ತು. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆ ಎಷ್ಟು ಖಾಲಿ ಇವೆ ಎಂದು ವಿಚಾರಿಸಿದರೆ ಆ ಆರರ ಸಂಖ್ಯೆಯ ಬೆಲೆ ತಿಳಿದೀತು. ಹೊಲವನ್ನು ಹೊತ್ತೊಯ್ಯಲು ಬರುವುದಿಲ್ಲ. ಆದ್ದರಿಂದ ವಿದ್ವಾಂಸನೇ ದತ್ತಿ ಇದ್ದ ಊರಿಗೆ ಬಂದು ನೆಲೆಸುತ್ತಿದ್ದ.

ಬ್ರಿಟಿಷರ ಆಡಳಿತದಲ್ಲಿ ಇದು ತಿರುವುಮುರುವಾಯಿತು. ಕುರುಗೋಡು 12ನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿ. ಅಲ್ಲಿನ ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ವಿವರಿಸುವ ಕನ್ನಡ ಶಾಸನಗಳು ಊರಿನಲ್ಲೇ ಇದ್ದವು. ಆದರೆ ಅವನ್ನು ಓದುವ ಕೆಲಸಕ್ಕೆ ಸಂಬಳ ಇದ್ದದ್ದು ಬೇರೆಡೆ. ಮದರಾಸು ಸರ್ಕಾರ 1886ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಅವರನ್ನು ಶಾಸನತಜ್ಞರನ್ನಾಗಿ ನೇಮಿಸಿಕೊಂಡ ಮೇಲೆ ಪಡಿಯಚ್ಚುಗಳು ಮದರಾಸು ಪ್ರಾಂತ್ಯದ ಕಚೇರಿ ಸೇರತೊಡಗಿದವು. ಕುರುಗೋಡಿನ ಎರಡು ಮುಖ್ಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಪ್ರಕಟಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಲಿಯೊನೆಲ್ ಬಾರ್ನೆಟ್. ಬಳ್ಳಾರಿ ಜಿಲ್ಲೆಯ ಕನ್ನಡ ಶಾಸನಗಳು 1939ರಲ್ಲಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟವಾಗಿ ಬಂದಾಗಲೂ ಅದರ ಮೇಲಿದ್ದುದು ಮದರಾಸು ಪ್ರಾಂತ್ಯದ ಹೆಸರೇ. ಬಳ್ಳಾರಿ ಆಗ ಮೈಸೂರಿಗೆ ಸೇರಿರಲಿಲ್ಲ. ಅದು ಸೇರಿದ್ದು 1953ರ ಅಕ್ಟೋಬರ್ 1ರಂದು. ಉದಕಮಂಡಲದಲ್ಲಿದ್ದ ಶಾಸನ ಶಾಖೆಯ ಕಚೇರಿ ಮೈಸೂರಿಗೆ ಬರಲು 1966 ಆಗಬೇಕಾಯಿತು.

ಬಳ್ಳಾರಿಯ ಬೆಟ್ಟಗಳ ಕಥೆ ಇದಕ್ಕಿಂತ ಸ್ವಾರಸ್ಯಕರ. ಭಾರತದ ಪ್ರಾಗೈತಿಹಾಸದ ಪಿತಾಮಹನೆಂದು ಹೆಸರಾದ ರಾಬರ್ಟ್ ಬ್ರೂಸ್ ಫೂಟ್ ಕಲ್ಲುಕೊಡಲಿ ಹುಡುಕಲು ನೇಮಕಗೊಂಡವರಲ್ಲ. ಅವರು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ನೌಕರ. ಸರ್ಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು, ಕಬ್ಬಿಣ, ಚಿನ್ನ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಸಿಕ್ಕ ಮೇಲೆ, ಸರ್ವೆಗಾಗಿ ಕಾಲಿಟ್ಟ ಕಡೆಯಲ್ಲೆಲ್ಲ ಆದಿಮಾನವನ ಉಪಕರಣಗಳನ್ನು ಆಯುವುದು ಅವರಿಗೆ ಗೀಳಾಯಿತು. ಬಳ್ಳಾರಿಯಲ್ಲಿ ಜಿಲ್ಲಾ ಎಂಜಿನಿಯರ್ ಆಗಿದ್ದ ಫ್ರೇಸರ್ ಎಂಬವರು ಕಪ್ಪಗಲ್ಲು ಬೆಟ್ಟದ ಕೊಡಲಿ ಕಾರ್ಖಾನೆಯ ಸುಳಿವು ಕೊಟ್ಟರು. ಬೆಟ್ಟದ ಬಂಡೆಗಳ ಮೇಲಿನ ಗೀರುಚಿತ್ರಗಳ ಬಗ್ಗೆ 1892ರಲ್ಲಿ ಬರೆದ ಫಾಸೆಟ್ ಪೊಲೀಸ್ ಅಧಿಕಾರಿ. ಸರ್ಕಾರಿ ಸಂಬಳ, ಸರ್ಕಾರಿ ಕುದುರೆ, ಸ್ವಂತ ಕುತೂಹಲ: ಆ ಕಾಲದ ಸಂಶೋಧನಾ ಅನುದಾನವೆಂದರೆ ಇಷ್ಟೇ.

ಫೂಟ್ ಬರೆದ ‘ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ’ 1895ರಲ್ಲಿ ಸರ್ಕಾರದ ವತಿಯಿಂದಲೇ ಪ್ರಕಟವಾಯಿತು. ಸಂಡೂರಿನ ಕಬ್ಬಿಣದ ಅದಿರಿನ ವಿವರ ಅದರಲ್ಲಿದೆ. ಅದು ಅವರು ಸಂಬಳ ಪಡೆದು ಮಾಡಿದ ಕೆಲಸ. ಕಲ್ಲುಕೊಡಲಿಗಳು ಮಾತ್ರ ಅವರ ಖಾಸಗಿ ಸಂಗ್ರಹವಾಗಿಯೇ ಉಳಿದವು. 1904ರಲ್ಲಿ ಮದರಾಸಿನ ಸರ್ಕಾರಿ ಸಂಗ್ರಹಾಲಯ ಅದನ್ನು ಖರೀದಿಸಿತು. ಫೂಟ್ 1912ರಲ್ಲಿ ತೀರಿಕೊಂಡರು. ಅವರು ಸಿದ್ಧಪಡಿಸಿದ ಪಟ್ಟಿ 1914 ಮತ್ತು 1916ರಲ್ಲಿ ಅಚ್ಚಾಯಿತು. ಬಳ್ಳಾರಿಯ ಕಲ್ಲು ಹೀಗೆ ಎಗ್ಮೋರ್ ಸೇರಿತು. ಇದನ್ನು ಕಳವು ಎನ್ನಲಾಗದು. ಅಂದು ಬಳ್ಳಾರಿಯಲ್ಲಿ ಅದನ್ನು ಕೊಳ್ಳುವವರೂ ಇರಲಿಲ್ಲ, ಇಟ್ಟುಕೊಳ್ಳುವ ಕಟ್ಟಡವೂ ಇರಲಿಲ್ಲ.

ಮುಂದಿನ ಹಂತದಲ್ಲಿ ಬಳ್ಳಾರಿಗೆ ಬಂದದ್ದು ಪುಣೆಯ ಹಣ. ಅದರ ಮೂಲ ಪೇಶ್ವೆಗಳ ಖಜಾನೆಯಲ್ಲಿದೆ. ಶ್ರಾವಣ ಮಾಸದಲ್ಲಿ ಪೇಶ್ವೆಗಳು ಪಂಡಿತರಿಗೆ ದಕ್ಷಿಣೆ ಹಂಚುವ ಪದ್ಧತಿ ಇತ್ತು. 1818ರಲ್ಲಿ ಪೇಶ್ವೆ ಆಳ್ವಿಕೆ ಕೊನೆಗೊಂಡ ಮೇಲೆ ಆ ದಕ್ಷಿಣಾ ನಿಧಿಯ ಒಂದು ಪಾಲಿನಿಂದ 1821ರಲ್ಲಿ ಪುಣೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಅದೇ ಬೆಳೆದು ಡೆಕ್ಕನ್ ಕಾಲೇಜು ಆಯಿತು. ಮುಂದೆ ಪ್ರತಿಭಾವಂತ ಪದವೀಧರರಿಗೆ ‘ದಕ್ಷಿಣಾ ಫೆಲೊ’ ಎಂಬ ವೇತನವೂ ಸಿಗತೊಡಗಿತು. ಮಹಾದೇವ ಗೋವಿಂದ ರಾನಡೆ ಅಂಥವರಲ್ಲಿ ಒಬ್ಬರು. ಕಾಲೇಜಿನ ಕಟ್ಟಡಕ್ಕೆ ಮುಂಬಯಿಯ ಜಮ್ಷೇಟ್‌ಜಿ ಜೀಜೀಭಾಯ್ ಮನೆತನ ದೊಡ್ಡ ದೇಣಿಗೆ ಕೊಟ್ಟಿತ್ತು.

1934ರಲ್ಲಿ ಸರ್ಕಾರ ಆ ಕಾಲೇಜನ್ನು ಮುಚ್ಚಿತು. ಹಳೆಯ ವಿದ್ಯಾರ್ಥಿಗಳು ಸುಮ್ಮನಾಗಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. ವಿದ್ಯೆಗೆಂದು ಪಡೆದ ದೇಣಿಗೆಯನ್ನು ಬೇರೆ ಕೆಲಸಕ್ಕೆ ತಿರುಗಿಸಬಾರದೆಂಬುದು ಅವರ ವಾದ. 1939ರಲ್ಲಿ ಕಾಲೇಜು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಪುರಾತತ್ವದ ಪ್ರಾಧ್ಯಾಪಕರಾಗಿ ಎಚ್.ಡಿ. ಸಾಂಕಳಿಯಾ ಬಂದರು. ಅವರ ಶಿಷ್ಯ ಬಿ. ಸುಬ್ಬರಾವ್ 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ‘ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳು’ ಎಂಬ ಅವರ ಇಂಗ್ಲಿಷ್ ಪ್ರಬಂಧವನ್ನು ಕಾಲೇಜೇ 1948ರಲ್ಲಿ ಪ್ರಕಟಿಸಿತು. ದಾನಪತ್ರದಲ್ಲಿ ಒಂದು ಷರತ್ತು ಸ್ಪಷ್ಟವಾಗಿದ್ದರೆ ಅದು ನೂರಾರು ಮೈಲಿ ದೂರದ ಬೆಟ್ಟದ ಚರಿತ್ರೆಯನ್ನೂ ಉಳಿಸಬಲ್ಲದು.

ಡೆಕ್ಕನ್ ಕಾಲೇಜಿನ ತಂಡವೇ 1963-64ರಲ್ಲಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೆ ಬಂತು. ಎಂ.ಎಸ್. ನಾಗರಾಜರಾವ್ ಅದರ ಮುಂದಾಳು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು. ಊರಿನ ಬೆಟ್ಟದ ಮೇಲೆ ನವಶಿಲಾಯುಗದ ಜನರ ಗುಡಿಸಲಿನ ನೆಲ, ಗೋರಿಗಳು, ಕಲ್ಲಿನ ಕೊಡಲಿ, ತಾಮ್ರದ ವಸ್ತು, ಚಿನ್ನದ ಪುಟ್ಟ ಆಭರಣ ಸಿಕ್ಕವು. ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರಾ ಅವರೊಂದಿಗೆ ಬರೆದ ವರದಿ 1965ರಲ್ಲೇ ಹೊರಬಂತು. ಅಗೆದ ವರದಿ ದಶಕಗಟ್ಟಲೆ ಬೀರುವಿನಲ್ಲಿ ಉಳಿಯುವ ನಮ್ಮ ದೇಶದಲ್ಲಿ ಇದು ಗಮನಾರ್ಹ ವೇಗ.

ತೆಕ್ಕಲಕೋಟೆಯ ಬೆಟ್ಟದಲ್ಲಿ ಜನ ವಾಸಿಸಿದ್ದು ಯಾವಾಗ? ಇದಕ್ಕೆ ಉತ್ತರ ಕೊಟ್ಟದ್ದು ಅಲ್ಲಿ ಸಿಕ್ಕ ಇದ್ದಿಲು. ಇದ್ದಿಲಿನಲ್ಲಿ ಉಳಿದ ಇಂಗಾಲ-14 ಅಳೆದು ವಯಸ್ಸು ಹೇಳುವ ವಿಧಾನ ಅಮೆರಿಕದಲ್ಲಿ ರೂಪುಗೊಂಡು ಆಗಿನ್ನೂ ಒಂದೂವರೆ ದಶಕವಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಂಥ ಪ್ರಯೋಗಾಲಯ ಇತ್ತು. ಇದ್ದಿಲು ಅಲ್ಲಿಗೆ ಹೋಯಿತು. ಕ್ರಿ.ಪೂ. 2ನೆಯ ಸಹಸ್ರಮಾನದ ಮೊದಲರ್ಧದ ಆಸುಪಾಸು ಎಂಬ ಲೆಕ್ಕ ಬಂತು.

ಇಲ್ಲಿ ಒಂದು ಸೋಜಿಗದ ನಂಟಿದೆ. ಆ ಸಂಸ್ಥೆ ಹುಟ್ಟಿದ್ದೇ ಒಂದು ಅನುದಾನದ ಅರ್ಜಿಯಿಂದ, ಅದೂ ಬೆಂಗಳೂರಿನಿಂದ. ಹೋಮಿ ಭಾಭಾ ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 1944ರ ಮಾರ್ಚ್ 12ರಂದು ಅವರು ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ಉನ್ನತ ಭೌತವಿಜ್ಞಾನದ ಸಂಶೋಧನಾ ಕೇಂದ್ರಕ್ಕೆ ನೆರವು ಕೋರಿದರು. ಮುಂದೆ ಅಣುಶಕ್ತಿ ಬಳಕೆಗೆ ಬಂದಾಗ ತಜ್ಞರಿಗಾಗಿ ದೇಶ ಹೊರಗಡೆ ಕೈಚಾಚಬೇಕಾಗದು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಮರುವರ್ಷವೇ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಗಿ, ಕೆಲವೇ ತಿಂಗಳಲ್ಲಿ ಮುಂಬಯಿಗೆ ಹೋಯಿತು. ಅಣುಶಕ್ತಿಗೆಂದು ಬರೆದ ಪತ್ರದಲ್ಲಿ ತೆಕ್ಕಲಕೋಟೆಯ ಇದ್ದಿಲಿನ ಪ್ರಸ್ತಾಪ ಇರಲು ಸಾಧ್ಯವಿರಲಿಲ್ಲ. ಮೂಲ ಸಂಶೋಧನೆಗೆ ಹಾಕಿದ ಹಣ ಯಾವ ಹೊಲದಲ್ಲಿ ಮೊಳೆಯುತ್ತದೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ.

ಸಂಗನಕಲ್ಲು ಮತ್ತೆ ಸುದ್ದಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಕೇಂಬ್ರಿಜ್‌ನಲ್ಲಿದ್ದ ನಿಕೋಲ್ ಬೊವಾನ್, ಲಂಡನ್ನಿನ ಡೋರಿಯನ್ ಫುಲ್ಲರ್ ಜೊತೆಗೂಡಿದರು. ಈ ಬಾರಿ ಕೊಡಲಿಗಿಂತ ಮಣ್ಣಿಗೆ ಬೆಲೆ ಬಂತು. ಅಗೆದ ಮಣ್ಣನ್ನು ನೀರಿಗೆ ಸುರಿದರೆ ಸುಟ್ಟು ಕರಿಯಾದ ಕಾಳುಗಳು ತೇಲುತ್ತವೆ. ಹುರುಳಿ, ಹೆಸರು, ಕೊರಲೆ ಹೀಗೆ ತೇಲಿ ಬಂದವು. ಬಯಲುಸೀಮೆಯ ಊಟದ ತಟ್ಟೆಯ ಹಳಮೆ ಇದರಿಂದ ಗೊತ್ತಾಯಿತು. ಕಪ್ಪಗಲ್ಲಿನ ಬಂಡೆಗಳಲ್ಲಿ ಕೆಲವನ್ನು ತಟ್ಟಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ ಎಂಬ ಬೊವಾನ್ ಅವರ ಲೇಖನ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಬೆಟ್ಟದ ಬುಡದಲ್ಲಿ ಕಲ್ಲುಗಣಿಯ ಸದ್ದು ಕೇಳುತ್ತಿದ್ದ ಕಾಲದಲ್ಲಿಯೇ ಈ ಕೆಲಸ ನಡೆಯಿತು. ಅನುದಾನ ಎರಡು ವರ್ಷ ತಡವಾದರೆ ಕಾಯುವ ತಾಳ್ಮೆ ವಿದ್ವಾಂಸನಿಗಿರಬಹುದು, ಜೆಸಿಬಿಗೆ ಇರದು.

ಹಾಗಾದರೆ ಇಂದು ಸಿರುಗುಪ್ಪದ ಅಥವಾ ಕುರುಗೋಡಿನ ಹುಡುಗಿಯೊಬ್ಬಳು ತನ್ನೂರಿನ ಬೆಟ್ಟದ ಬಗ್ಗೆ ಸಂಶೋಧನೆ ಮಾಡಬೇಕೆಂದರೆ ಹಣ ಎಲ್ಲಿಂದ? ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಪಿಎಚ್.ಡಿ.ಗೆ ಹೆಸರು ನೋಂದಾಯಿಸಲು ಈಗ ಊರು ಬಿಡಬೇಕಿಲ್ಲ. ಆದರೆ ನೋಂದಣಿ ಬೇರೆ, ಹಣ ಬೇರೆ. ಮುಖ್ಯ ಬಾಗಿಲು ಯುಜಿಸಿಯ ಕಿರಿಯ ಸಂಶೋಧನ ಫೆಲೊಶಿಪ್. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಅದಕ್ಕೆ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆಯಬೇಕು. ಇತಿಹಾಸ, ಪುರಾತತ್ವದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲಿ ಕೆಲವು ವಿಷಯಗಳಿಗೆ ಕನ್ನಡದ ಅವಕಾಶ ಇದೆ, ಆದರೆ ಅದರಿಂದ ಅಧ್ಯಾಪಕ ಹುದ್ದೆಯ ಅರ್ಹತೆ ಸಿಗುತ್ತದೆಯೇ ಹೊರತು ಫೆಲೊಶಿಪ್ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಶಾಸನವನ್ನೇ ಓದಬಯಸುವವರು ಸಿಕ್ಕಿಬೀಳುವುದು ಈ ಎರಡರ ನಡುವೆ.

ಇತರ ದಾರಿಗಳೂ ಉಂಟು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಫೆಲೊಶಿಪ್‌ಗಳಿವೆ. ವಾಲ್ಮೀಕಿ ನಾಯಕ ಸಮುದಾಯದ ಜನಸಂಖ್ಯೆ ಹೆಚ್ಚಿರುವ ಈ ಜಿಲ್ಲೆಗೆ ಇದು ಮುಖ್ಯ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೊಶಿಪ್ 2022ರ ಕೊನೆಯಲ್ಲಿ ನಿಂತಿತು. 1972ರಲ್ಲಿ ಸ್ಥಾಪನೆಯಾದ ಭಾರತೀಯ ಇತಿಹಾಸ ಸಂಶೋಧನ ಪರಿಷತ್ತು ವಿದ್ಯಾರ್ಥಿಗಳಿಗೆ ಫೆಲೊಶಿಪ್, ಅಧ್ಯಾಪಕರಿಗೆ ಯೋಜನಾ ನೆರವು ಕೊಡುತ್ತದೆ. ವಿಜ್ಞಾನದ ಅಧ್ಯಾಪಕರಿಗೆ ರಾಜ್ಯದ ವಿಷನ್ ಗ್ರೂಪಿನ ಯೋಜನೆಗಳಿವೆ. ಡಿ.ಸಿ. ಪಾವಟೆಯವರ ಹೆಸರಿನ ಫೆಲೊಶಿಪ್ ಕರ್ನಾಟಕದ ವಿದ್ವಾಂಸರನ್ನು ಕೇಂಬ್ರಿಜ್‌ಗೆ ಕಳಿಸಿದೆ. ಪಾವಟೆ ಅಲ್ಲಿಯೇ ಓದಿ ಬಂದು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಸಂರಕ್ಷಿತ ತಾಣದಲ್ಲಿ ಗುದ್ದಲಿ ಹಾಕಲು ಮಾತ್ರ ಹಣವಿದ್ದರೆ ಸಾಲದು. 1958ರ ಕಾಯ್ದೆಯಡಿ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕು.

ಸ್ಥಳೀಯ ಹಣದ ಮಾತೂ ಇದೆ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. ಅದರ ಬಳಕೆಯಲ್ಲಿ ಶಿಕ್ಷಣ ಆದ್ಯತೆಯ ಕ್ಷೇತ್ರ. ಶಿಕ್ಷಣವೆಂದರೆ ಶಾಲೆಯ ಕೊಠಡಿ ಎಂದು ಅರ್ಥ ಮಾಡುವುದು ಸುಲಭ. ಅದಿರು ತೆಗೆದ ಬೆಟ್ಟದ ಪಕ್ಕದ ಬೆಟ್ಟದ ಚರಿತ್ರೆ ಬರೆಯುವುದೂ ಶಿಕ್ಷಣವೇ ಎಂದು ಯಾರಾದರೂ ಅರ್ಜಿ ಬರೆದು ವಾದಿಸಬೇಕಷ್ಟೆ. ಭಾಭಾ ಪತ್ರದಲ್ಲಿದ್ದುದೂ ಅಂಥದೇ ವಾದ.

ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಜಿಲ್ಲಾಡಳಿತದ ನೆರವು, ಕೋರಿಶೆಟ್ಟರ್ ಅವರ ಮುತುವರ್ಜಿಯಿಂದ ರೂಪುಗೊಂಡದ್ದು. ಸಂಗನಕಲ್ಲಿನ ಕೊಡಲಿಯನ್ನು ಶಾಲಾ ಮಕ್ಕಳು ಸಂಗನಕಲ್ಲಿನ ಪಕ್ಕದಲ್ಲೇ ನೋಡಬಹುದು. ಫೂಟ್ ಸಂಗ್ರಹ ಮಾತ್ರ ಇಂದಿಗೂ ಚೆನ್ನೈಯದೇ.